ಸರ್ವರ್ ಮಲಗಿಸಿದ ಬೀಗರು

ಭೀಮರಾಜು ಅರ್ಧ ದಿನದ ರಜೆ ಕೇಳಿದ್ದಕ್ಕೆ ನಾಲ್ಕು ತಾಲೂಕಿನ ಹುಣಸೆಹಣ್ಣಿನ ವ್ಯಾಪಾರ ನಿಂತುಹೋಯಿತು. ಉಪ್ಪು ಖಾರ ಹಚ್ಚಿ ಹೇಳುತ್ತಿಲ್ಲ. ಉಪ್ಪು ಖಾರ ಹಚ್ಚುವಷ್ಟು ಪುರುಸೊತ್ತು ಆ ತಿಂಗಳು ನನಗಿರಲಿಲ್ಲ.

ಭೀಮರಾಜು ನಮ್ಮ ಶಿರಾ ಶಾಖೆಯಲ್ಲಿ ತೂಕ ಬರೆಯುವ ಗುಮಾಸ್ತ. ಹಲ್ಲುನೋವು ಎಂದು ಕಂಪ್ಯೂಟರಿನಲ್ಲಿ ರಜೆ ಅರ್ಜಿ ಹಾಕಿದ. ಹಾಕಿದ ಮರುಗಳಿಗೆಯೇ ಮಧುಗಿರಿಯ ಕೇಂದ್ರ ಕಚೇರಿಯಲ್ಲಿ ನನ್ನ ಸರ್ವರಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗತೊಡಗಿತು. ಆಮೇಲೆ ಶಿರಾ, ಕೊರಟಗೆರೆ, ಪಾವಗಡ, ಮಧುಗಿರಿ ನಾಲ್ಕೂ ಕಡೆ ಒಬ್ಬರಿಗೂ ಕಂಪ್ಯೂಟರ್ ಒಳಕ್ಕೆ ಹೋಗಲಾಗಲಿಲ್ಲ. ಹುಣಸೆಹಣ್ಣಿನ ಮೂಟೆ ಹೊತ್ತು ತಂದ ರೈತರು ಮೂಟೆಯ ಮೇಲೆಯೇ ಕೂತು ನಮ್ಮ ವಂಶಾವಳಿಯನ್ನೆಲ್ಲ ಬೈದರು.

"ಮೇಡಂ, ಬಿಲ್ಕುಲ್ ನಂದೇನೂ ತಪ್ಪಿಲ್ಲ ಕಣಮ್ಮ," ಎಂದು ಭೀಮರಾಜು ಫೋನಿನಲ್ಲಿ ಗೋಗರೆದ. "ರಜಾ ಕೇಳ್ದೆ ಅಷ್ಟೇಯ. ಪರದೆ ಬೆಳ್ಳಗಾಗೋಯ್ತು."

ನಾನು ಗಂಗಾಲಕ್ಷ್ಮಿ. ಹುಲಿಕುಂಟೆಯ ಕುರಿ ಹುಚ್ಚಣ್ಣನ ಮಗಳು. ನಾಲ್ಕು ತಾಲೂಕಿನ ಹುಣಸೆ ಬೆಳೆಗಾರರ ಸಹಕಾರ ಮಂಡಳಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಲ್ಲಿ ಎಲ್ಲದಕ್ಕೂ ಆಧಾರ ಒಂದು ಡೈರೆಕ್ಟರಿ ಸರ್ವರ್. ಊರಿಗೆ ಹೊಸಬರು ಬಂದರೆ ಜಗಲಿಯ ಮೇಲೆ ಕೂತವರು ಯಾವೂರು, ಯಾರ ಮಗ, ಯಾರ ಕಡೆಯವನು ಎಂದು ವಿಚಾರಿಸಿ ಆಮೇಲೆ ಒಳಕ್ಕೆ ಬಿಡುತ್ತಾರಲ್ಲ, ಅದೂ ಅದೇ ಕೆಲಸ ಮಾಡುತ್ತದೆ. ಯಾರು ಕಂಪ್ಯೂಟರ್ ಮುಂದೆ ಕೂತರೂ ಇವನು ಯಾರು, ಇವನ ಪಾಸ್‌ವರ್ಡ್ ಸರಿಯೇ, ಇವನ ಮೇಲೆ ಯಾರಿದ್ದಾರೆ ಎಂದು ನೋಡುತ್ತದೆ. ರಜೆ ಅರ್ಜಿ ಬಂದರೆ ಮೇಲಿನವರು ಯಾರು, ಅವರ ಮೇಲೆ ಯಾರು ಎಂದು ಹತ್ತುತ್ತಾ ಹೋಗಿ, ಯಾರ ಮೇಲೆ ಯಾರೂ ಇಲ್ಲವೋ ಅವರ ಕೈಗೆ ಅರ್ಜಿ ಕೊಡುತ್ತದೆ. ಕಾಗದದ ರಜೆ ಚೀಟಿಯನ್ನು ಆಡಳಿತ ಮಂಡಳಿ ರದ್ದು ಮಾಡಿ ವರ್ಷವಾಯಿತು. ಕಂಪ್ಯೂಟರ್ ಒಪ್ಪಿದರೆ ರಜೆ, ಇಲ್ಲದಿದ್ದರೆ ಇಲ್ಲ.

ಸರ್ವರನ್ನು ಆರಿಸಿ, ಹೊತ್ತಿಸಿ, ಎಬ್ಬಿಸಿದೆ. ಮಾರನೆಯ ದಿನ ಪಾವಗಡದಿಂದ ಯಾರೋ ರಜೆ ಕೇಳಿದರು, ಮತ್ತೆ ಮಲಗಿತು. ಅದರ ಮಾರನೆಯ ದಿನ ಕೊರಟಗೆರೆಯವರು ಕೇಳಿದರು, ಮತ್ತೆ ಮಲಗಿತು. ಅಷ್ಟು ಹೊತ್ತಿಗೆ ನಮ್ಮ ಸಿಬ್ಬಂದಿಗೆ ವಿಷಯ ಅರ್ಥವಾಗಿತ್ತು. ನನಗಿಂತ ಮುಂಚೆ ಅರ್ಥವಾಗಿದ್ದೇ ನನ್ನ ಹೊಟ್ಟೆ ಉರಿಸಿದ್ದು. ಒಬ್ಬ ರಜೆ ಕೇಳಿದರೆ ಸರ್ವರ್ ಬೀಳುತ್ತದೆ, ಸರ್ವರ್ ಬಿದ್ದರೆ ಯಾರಿಗೂ ಕೆಲಸವಿಲ್ಲ, ಅಂದರೆ ಒಬ್ಬನ ಅರ್ಜಿಗೆ ಎಲ್ಲರಿಗೂ ರಜೆ! ಸರದಿ ಹಾಕಿಕೊಂಡರು. ಸಿದ್ದರಬೆಟ್ಟ ಹತ್ತಬೇಕು ಅನ್ನಿಸಿದ ದಿನ ಒಬ್ಬನ ಕೈಲಿ ಅರ್ಜಿ ಹಾಕಿಸಿ, ಇಡೀ ಕೊರಟಗೆರೆ ಶಾಖೆ ಬೆಟ್ಟ ಹತ್ತಿ ಫೋಟೋ ಕಳಿಸಿತು. ನಮ್ಮ ಕಚೇರಿಯ ಅಟೆಂಡರ್ ಚನ್ನಮಲ್ಲಯ್ಯ ಬೆಳಿಗ್ಗೆ ಬಂದವನೇ, "ಇವತ್ತು ಯಾರ್ದು ಮೇಡಂ?" ಎಂದು ಕೇಳಿ, ಉತ್ತರ ನೋಡಿಕೊಂಡು ಚಪ್ಪಲಿ ಬಿಡುತ್ತಿದ್ದ.

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಆ ತಿಂಗಳ ಕೊನೆಯ ಭಾನುವಾರಕ್ಕೆ ನನ್ನ ಮದುವೆ.

ಗಂಡು ಜಯರಾಮು, ಶಿರಾದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಳ್ಳೆಯವನು, ಕೋಪ ಬರುವುದಿಲ್ಲ, ಅದಕ್ಕೇ ಒಪ್ಪಿಕೊಂಡಿದ್ದೆ. ಒಂದು ಮನೆಗೆ ಒಬ್ಬರ ಕೋಪ ಸಾಕು. ಆದರೆ ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಮಂಜೂರಾಗದ ರಜೆಯಲ್ಲಿ ಹೋದರೆ ಹೋದವಳು ಹೋದಂತೆಯೇ. ನನಗಿಂತ ಮೊದಲು ಈ ಕೆಲಸದಲ್ಲಿದ್ದ ಗೌರೀಶ್ ಅಕ್ಕನ ಮದುವೆಗೆ ಹೇಳದೆ ಹೋಗಿದ್ದ. ಉಂಡು ವಾಪಸ್ಸು ಬರುವಷ್ಟರಲ್ಲಿ ಅವನ ಕುರ್ಚಿಯಲ್ಲಿ ನಾನು ಕೂತಿದ್ದೆ. ಹಾಗಾಗಿ ನಾನೂ ಹದಿನೈದು ದಿನದ ರಜೆಗೆ ಅರ್ಜಿ ಹಾಕಿದೆ, ಸರ್ವರ್ ಬಿತ್ತು, ನಾನೇ ಎಬ್ಬಿಸಿದೆ, ಮತ್ತೆ ಹಾಕಿದೆ, ಮತ್ತೆ ಬಿತ್ತು. ನಾನು ಹಾಕಿದ ದಿನಗಳಲ್ಲೂ ಉಳಿದವರು ಖುಷಿಯಾಗಿ ಮನೆಗೆ ಹೋದರು.

ಯಾರೋ ಹೊರಗಿನವರು ನಮ್ಮ ಮೇಲೆ ಕಣ್ಣು ಹಾಕಿದ್ದಾರೆ ಎಂದು ಮೊದಲು ಅನುಮಾನಪಟ್ಟೆ. ಹುಣಸೆಹಣ್ಣಿನ ಮೇಲೆ ಯಾವ ಕಳ್ಳನಿಗೆ ಆಸೆ ಎಂದು ಯೋಚಿಸುತ್ತಲೇ ಸರ್ವರ್ ಬೀಳುವ ಮುಂಚೆ ಏನೇನು ಹುಡುಕಿತ್ತು ಎಂದು ತೆರೆದು ನೋಡಿದೆ. ಪುಟದ ತುಂಬ ಎರಡೇ ಹೆಸರು. ನಂದೀಶ್ವರಯ್ಯನವರ ಮೇಲೆ ಯಾರು? ರೇಣುಕಯ್ಯನವರು. ರೇಣುಕಯ್ಯನವರ ಮೇಲೆ ಯಾರು? ನಂದೀಶ್ವರಯ್ಯನವರು. ಅವರ ಮೇಲೆ? ಇವರು. ಇವರ ಮೇಲೆ? ಅವರು. ಪಾಪದ ಸರ್ವರ್ ಗಾಣದ ಎತ್ತಿನಂತೆ ಸುತ್ತಿ ಸುತ್ತಿ ಸುಸ್ತಾಗಿ ಬಿದ್ದಿತ್ತು.

ನಮ್ಮ ಪ್ರಧಾನ ವ್ಯವಸ್ಥಾಪಕರು ಆ ತಿಂಗಳ ಮೊದಲಲ್ಲೇ ನಿವೃತ್ತರಾದ ಮೇಲೆ ಹೊಸಬರನ್ನು ಹುಡುಕುವವರೆಗೆ ಇವರಿಬ್ಬರೂ ಸೇರಿ ನಡೆಸಲಿ ಎಂದು ಆಡಳಿತ ಮಂಡಳಿ ಹೇಳಿತ್ತು. ನಂದೀಶ್ವರಯ್ಯ ಪಾವಗಡದ ಕಡೆಯವರು, ರೇಣುಕಯ್ಯ ಕೊರಟಗೆರೆಯವರು. ಒಂದೇ ಕಾಲಕ್ಕೆ ಕೆಲಸಕ್ಕೆ ಸೇರಿ, ಮಧುಗಿರಿಯಲ್ಲಿ ಒಂದೇ ರೂಮಿನಲ್ಲಿದ್ದು, ಒಂದೇ ಬೀಡಿಯನ್ನು ಅರ್ಧರ್ಧ ಸೇದಿದವರಂತೆ. "ಲೇ ನಂದಿ, ಲೇ ರೇಣುಕ ಅಂದ್ಕಂಡು ಕಚೇರಿಯೆಲ್ಲ ಕಿತ್ತೋಗಂಗೆ ಕಿರುಚಾಡೋರು ಕಣಮ್ಮ," ಎಂದು ಚನ್ನಮಲ್ಲಯ್ಯ ಹೇಳುತ್ತಿದ್ದ. ಆಮೇಲೆ ನಂದೀಶ್ವರಯ್ಯನವರ ಮಗಳು ವೇದಾವತಿಯನ್ನು ರೇಣುಕಯ್ಯನವರ ಮಗನಿಗೆ ಕೊಟ್ಟರು. ಅಂದಿನಿಂದ ಇಬ್ಬರೂ ಬೀಗರು. ಅಂದಿನಿಂದ ಇಬ್ಬರ ಬಾಯಲ್ಲೂ 'ತಾವು' ಬಿಟ್ಟು ಬೇರೆ ಮಾತಿಲ್ಲ.

ಬಾಗಿಲ ಹತ್ತಿರ 'ತಾವು ಮೊದಲು', 'ಛೆ ಛೆ, ತಾವು' ಎಂದು ನಿಂತರೆಂದರೆ ಉಳಿದವರು ಅವರ ತೋಳಿನ ಕೆಳಗೆ ನುಸುಳಿ ಒಳಗೆ ಹೋಗಬೇಕು. ಟೀ ಇಬ್ಬರ ಮುಂದೆಯೂ ಆರಿ ಕೆನೆ ಕಟ್ಟುತ್ತಿತ್ತು, ಏಕೆಂದರೆ ಇವರು ಕುಡಿಯಲಿ ಎಂದು ಅವರು, ಅವರು ಕುಡಿಯಲಿ ಎಂದು ಇವರು. ಹೊಸ ಹೊಣೆ ಬಂದ ಮೇಲೆ ಡೈರೆಕ್ಟರಿಯಲ್ಲಿ ತಮ್ಮ ತಮ್ಮ ವಿವರ ತಾವೇ ತುಂಬಿ ಎಂದಾಗ, 'ನಿಮ್ಮ ಮೇಲಿನವರು' ಎಂಬಲ್ಲಿ ಇಬ್ಬರೂ ಭಕ್ತಿಯಿಂದ ಬೀಗರ ಹೆಸರು ಬರೆದಿದ್ದರು.

ಆ ಸರ್ವರ್ ತಂತ್ರಾಂಶ ಮಾಡಿದವರು ಯಾವ ದೇಶದಲ್ಲಿದ್ದಾರೋ, ಅವರು ಕೆಲವು ತಿಂಗಳ ಹಿಂದೆಯೇ ಎಚ್ಚರಿಕೆ ಕಳಿಸಿದ್ದರು. ನಾನು ಓದಿರಲಿಲ್ಲ. ಈಗ ಓದಿದೆ. ದುರುದ್ದೇಶವುಳ್ಳ ವ್ಯಕ್ತಿಯು ಇಬ್ಬರನ್ನು ಒಬ್ಬರ ಮೇಲೊಬ್ಬರಂತೆ ನಮೂದಿಸಿ ಸರ್ವರನ್ನು ಕೊನೆಯಿಲ್ಲದ ಹುಡುಕಾಟಕ್ಕೆ ತಳ್ಳಬಹುದು, ಸೇವೆ ಪೂರ್ತಿ ನಿಲ್ಲಬಹುದು, ತಕ್ಷಣ ಪ್ಯಾಚ್, ಅಂದರೆ ದೋಷ ಮುಚ್ಚುವ ತೇಪೆ, ಹಾಕಿಕೊಳ್ಳಿ ಎಂದಿತ್ತು. ದುರುದ್ದೇಶವಂತೆ! ಪಾಪ, ಅವರು ಮನುಷ್ಯರ ಕೆಟ್ಟತನವನ್ನೆಲ್ಲ ಯೋಚಿಸಿದ್ದರು, ಬೀಗರ ಮರ್ಯಾದೆಯನ್ನು ಯೋಚಿಸಿರಲಿಲ್ಲ.

ಪ್ಯಾಚ್ ಹಾಕಲು ಸ್ವಲ್ಪ ಹೊತ್ತು ಸರ್ವರ್ ನಿಲ್ಲಿಸಬೇಕು. ನಿಲ್ಲಿಸಲು ಮೇಲಿನವರ ಒಪ್ಪಿಗೆ ಬೇಕು. ಒಪ್ಪಿಗೆ ಕೇಳಲು ಅದೇ ಸರ್ವರಿಗೆ ಅರ್ಜಿ ಹಾಕಬೇಕು. ಹಾಕಿದೆ. ಸರ್ವರ್ ಬಿತ್ತು. ಹೇಗೂ ಬಿದ್ದಿದೆಯಲ್ಲ ಎಂದು ಪ್ಯಾಚ್ ಹಾಕಿಬಿಟ್ಟೆ.

ಪ್ಯಾಚ್ ಚೆನ್ನಾಗಿಯೇ ಕೆಲಸ ಮಾಡಿತು, ಅದರ ಮೇಲೆ ನನಗೇನೂ ದೂರಿಲ್ಲ. ಈಗ ಸರ್ವರ್ ಒಂದಷ್ಟು ಮೆಟ್ಟಿಲು ಹತ್ತಿ ನೋಡುತ್ತದೆ, ತುದಿ ಕಾಣದಿದ್ದರೆ ಇನ್ನು ಸಾಕು ಎಂದು ಇಳಿದು ಬರುತ್ತದೆ. ಬೀಳುವುದಿಲ್ಲ, ಕೂಗುವುದಿಲ್ಲ. ಇಳಿದು ಬಂದು ಒಂದು ಸಾಲು ಬರೆಯುತ್ತದೆ: 'ಮೇಲಿನವರು ಸಿಗಲಿಲ್ಲ, ಅರ್ಜಿ ತಿರಸ್ಕೃತ.' ಮೊದಲು ಒಬ್ಬ ಕೇಳಿದರೆ ಎಲ್ಲರಿಗೂ ರಜೆ ಸಿಗುತ್ತಿತ್ತು. ಈಗ ಯಾರು ಕೇಳಿದರೂ ಯಾರಿಗೂ ಇಲ್ಲ. ನನಗೂ ಇಲ್ಲ.

ನಾಲ್ಕು ತಾಲೂಕಿನ ಶಾಪ ನನ್ನ ತಲೆಗೆ ಬಂತು. ಭೀಮರಾಜು ಊದಿದ ಕೆನ್ನೆಯ ಫೋಟೋ ದಿನಾ ಕಳಿಸತೊಡಗಿದ. ಚನ್ನಮಲ್ಲಯ್ಯ ನನ್ನ ಟೇಬಲ್ಲಿಗೆ ಟೀ ತರುವುದನ್ನೇ ಮರೆತ. ಜಯರಾಮು ಫೋನ್ ಮಾಡಿ, "ರಜಾ ಸಿಕ್ತೇನ್ರೀ?" ಎಂದ. ಇಲ್ಲ ಎಂದೆ. "ನಿಮ್ ಸರ್ವರ್ ಸರಿಹೋಯ್ತು ಅಂದ್ರಲ್ಲ?" ಎಂದ. ಸರಿಹೋಗಿದ್ದಕ್ಕೇ ಸಿಕ್ಕಿಲ್ಲ ಎಂದೆ. ವಿಜ್ಞಾನದ ಮೇಷ್ಟ್ರಿಗೂ ಅದು ಅರ್ಥವಾಗಲಿಲ್ಲ. ಫೋನಿಟ್ಟ ಮೇಲೆ ನನಗೆ ನಿಜವಾಗಿ ಭಯವಾಯಿತು. ನನಗೆ ಕೆಲಸವೂ ಬೇಕಿತ್ತು, ಜಯರಾಮುವೂ ಬೇಕಿತ್ತು. ಎರಡರಲ್ಲಿ ಒಂದನ್ನು ಬಿಡು ಎಂದರೆ ಯಾವುದನ್ನು ಬಿಡಲಿ?

ಸೀದಾ ಸಾಹೇಬರ ಕೋಣೆಗೆ ಹೋಗಿ ನಿಂತೆ. ಎದುರು ಬದುರು ಎರಡು ಟೇಬಲ್ಲು, ಎರಡರ ಮೇಲೂ ಆರಿದ ಟೀ.

"ಸಾರ್, ನಿಮ್ಮಲ್ಲಿ ಒಬ್ಬರು ಮೇಲೆ ಅಂತ ಆಗಬೇಕು. ಇಲ್ಲದಿದ್ದರೆ ಯಾರಿಗೂ ರಜೆ ಸಿಗಲ್ಲ," ಎಂದೆ.

"ಚೂಡಮ್ಮಾ ಗಂಗಾಲಕ್ಷ್ಮಿ," ಎಂದರು ನಂದೀಶ್ವರಯ್ಯ. ಅವರಿಗೆ ಸಂಕಟವಾದಾಗ ಪಾವಗಡದ ತೆಲುಗು ಬರುತ್ತದೆ. "ನಮ್ ಬಾವಗಾರು ಗಂಡಿನ ಕಡೆಯೋರು. ಅವ್ರ ಮ್ಯಾಲೆ ನಾನು ಕೂತ್ರೆ ನಾಳೆ ಆ ಮನೇಲಿ ನನ್ ಮಗಳು ತಲೆ ಎತ್ಕಂಡು ಓಡಾಡಾದು ಬ್ಯಾಡ್ವಾ?"

"ಬುಡ್ತು ಅನ್ನಿ ಬೀಗ್ರೇ!" ಎಂದು ರೇಣುಕಯ್ಯ ಕೆನ್ನೆಗೆ ಹೊಡೆದುಕೊಂಡರು. "ಹೆಣ್ಣು ಕೊಟ್ಟೋರು ತಾವು. ವಯಸ್ಸಲ್ಲೂ ಹಿರೀಕರು. ತಮ್ ಮ್ಯಾಲೆ ಕುಂತ್ಕಳಕ್ಕೆ ನಂಗೇನ್ ತಲೆ ಕೆಟ್ಟೈತಾ?"

ನಾನೇ ಯಾಕೆ ತಿದ್ದಿಬಿಡಬಾರದು ಎಂದು ನೀವು ಕೇಳಬಹುದು. ತಿದ್ದಿದ್ದೆ. ಒಂದು ಸಂಜೆ ಅವರು ಮನೆಗೆ ಹೋದ ಮೇಲೆ ನಂದೀಶ್ವರಯ್ಯನವರ ಮೇಲೆ ಯಾರೂ ಇಲ್ಲ ಎಂದು ಮಾಡಿದ್ದೆ. ಅವರವರ ವಿವರ ಅವರವರೇ ಬದಲಿಸಬಹುದು ಎಂಬ ಸೌಕರ್ಯ ಇರುವುದರಿಂದ, ಮಾರನೆಯ ಬೆಳಿಗ್ಗೆ ಬಂದವರೇ ಬೀಗರ ಹೆಸರನ್ನು ಮತ್ತೆ ಅಲ್ಲೇ ಕೂರಿಸಿ, ಅಪಚಾರವಾಯಿತೆಂದು ರೇಣುಕಯ್ಯನವರಿಗೆ ಒಂದು ಡಬ್ಬಿ ಮೈಸೂರುಪಾಕು ಕೊಟ್ಟಿದ್ದರು. ಅದನ್ನು ಮೊದಲು ಯಾರು ತಿನ್ನಬೇಕು ಎಂದು ತೀರ್ಮಾನವಾಗದೆ ಡಬ್ಬಿ ಇನ್ನೂ ಕಿಟಕಿಯಲ್ಲೇ ಇತ್ತು, ಇರುವೆ ಮುತ್ತಿತ್ತು.

"ಹಾಗಾದರೆ ನೀವಿಬ್ಬರೂ ಯಾರ ಮಾತು ಕೇಳ್ತೀರಿ? ಅದನ್ನಾದರೂ ಹೇಳಿ!" ಎಂದು ಸಿಡುಕಿದೆ.

ಇಬ್ಬರೂ ಒಂದೇ ಸಲ ಹೇಳಿದರು: "ಪಾಪು."

ಪಾಪು ಅಂದರೆ ಮೊಮ್ಮಗಳು. ವರ್ಷ ತುಂಬುತ್ತಾ ಬಂದಿದೆ, ಇನ್ನೂ ಹೆಸರಿಟ್ಟಿಲ್ಲ. ತಾವು ಇಡಿ, ತಾವು ಇಡಿ ಎನ್ನುವುದರಲ್ಲಿಯೇ ಮಗು ಅಂಬೆಗಾಲು ಇಡುವಂತಾಗಿತ್ತು. ಇಬ್ಬರ ಮುಖವೂ ಅರಳಿದ್ದನ್ನು ನೋಡಿ ನನಗೂ ಬುದ್ಧಿ ಕೆಟ್ಟಿತು. ಸರಿ, ಆಗಲಿ ಎಂದುಬಿಟ್ಟೆ. ಡೈರೆಕ್ಟರಿಯಲ್ಲಿ ಹೊಸ ಹೆಸರು ಸೇರಿಸಿದೆ: ಪಾಪು. ಹುದ್ದೆ ಏನು ಎಂದು ಸರ್ವರ್ ಕೇಳಿತು. ಖಾಲಿ ಇದ್ದದ್ದು ಒಂದೇ, ಪ್ರಧಾನ ವ್ಯವಸ್ಥಾಪಕರು. ಆಡಳಿತ ಮಂಡಳಿಗೆ ಏನು ಹೇಳುವುದು ಎಂದು ಕೇಳಿದೆ. "ಅವ್ರೆಲ್ರಿಗಿಂತ ಚೆಂದಾಗಿ ನಡೆಸ್ತಾಳೆ, ಸುಮ್ಕಿರಮ್ಮ," ಎಂದರು ರೇಣುಕಯ್ಯ. ಇಬ್ಬರೂ ಸಂತೋಷದಿಂದ ತಮ್ಮ ಮೇಲಿನವರ ಜಾಗದಲ್ಲಿ ಮೊಮ್ಮಗಳನ್ನು ಕೂರಿಸಿದರು.

ಮಾರನೆಯ ದಿನ ವೇದಾವತಿ ಕೊರಟಗೆರೆ ಬಸ್ಸಿನಲ್ಲಿ ಪ್ರಧಾನ ವ್ಯವಸ್ಥಾಪಕರನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ನಂದೀಶ್ವರಯ್ಯನವರ ಟೇಬಲ್ ಮೇಲಿನ ಫೈಲುಗಳನ್ನು ಸರಿಸಿ, ಟವೆಲ್ ಹಾಸಿ ಕೂರಿಸಿ, ಹಾಲು ಬಿಸಿ ಮಾಡಿಸಿಕೊಂಡು ಬರುತ್ತೇನೆಂದು ಹೋದಳು. ನಾನು ಫೋನಿನಲ್ಲಿ ನನ್ನ ಅರ್ಜಿ ತೆರೆದು ಮಗುವಿನ ಮುಂದೆ ಹಿಡಿದೆ. ಹಸಿರು ಒತ್ತಿದರೆ ಒಪ್ಪಿಗೆ, ಕೆಂಪು ಒತ್ತಿದರೆ ಇಲ್ಲ. "ಹಸ್ರು ಒತ್ತು ಪುಟ್ಟಿ, ಹಸ್ರು, ನಮ್ಮವ್ವ ಅಲ್ವಾ," ಎಂದು ಗೋಗರೆದೆ.

ಪಾಪು ನನ್ನನ್ನು ಚೆನ್ನಾಗಿ ನೋಡಿ ಕೆಂಪು ಒತ್ತಿದಳು.

"ಕೆಂಪು ಗುರುತು ಹಿಡೀತಾಳೆ ನೋಡಿ ಬಾವಗಾರೂ!" ಎಂದು ನಂದೀಶ್ವರಯ್ಯ ಚಪ್ಪಾಳೆ ಹೊಡೆದರು. ಚಪ್ಪಾಳೆ ಕೇಳಿ ಮಗುವಿಗೆ ಉತ್ಸಾಹ ಬಂತು. ಮತ್ತೆ ಅರ್ಜಿ ಹಾಕಿದೆ, ಮತ್ತೆ ಕೆಂಪು. ಇನ್ನೊಮ್ಮೆ ಹಾಕಿದೆ, ಕೆಂಪು ಒತ್ತಿ ಫೋನನ್ನೇ ಬಾಯಿಗಿಟ್ಟುಕೊಂಡಳು. ಜೊಲ್ಲು ಒರೆಸಿಕೊಳ್ಳುತ್ತಾ, ಇದು ಆಗುವ ಕೆಲಸವಲ್ಲ, ಮಗುವನ್ನು ತೆಗೆದು ನಿಮ್ಮಲ್ಲಿ ಒಬ್ಬರು ಒಪ್ಪಿಗೆ ಕೊಡಿ ಎಂದೆ.

ಇಬ್ಬರ ಮುಖವೂ ಗಂಭೀರವಾಯಿತು.

"ಮಗಾನೇ ಬ್ಯಾಡ ಅಂದ್ಮ್ಯಾಲೆ ನಾವು ಹೆಂಗಮ್ಮ ಹೂಂ ಅನ್ನಾದು?" ಎಂದರು ರೇಣುಕಯ್ಯ.

"ಮೇಲಿನೋರ ಮಾತು ಮೀರಬಾರ್ದು," ಎಂದರು ನಂದೀಶ್ವರಯ್ಯ.

ನನ್ನ ನೆತ್ತಿ ಸಿಡಿಯಿತು. ಅಷ್ಟು ದಿನ ನುಂಗಿಕೊಂಡಿದ್ದದ್ದೆಲ್ಲ ಹುಲಿಕುಂಟೆಯ ಭಾಷೆಯಲ್ಲೇ ಹೊರಕ್ಕೆ ಬಂತು. "ನಿಮ್ ಮರ್ವಾದೆಗೆ ಬೆಂಕಿ ಹಾಕ! ಭಾನ್ವಾರ ನನ್ ಮದ್ವೆ ಐತೆ ಕಣ್ರೀ! ಛತ್ರ ಹಿಡಿದೈತೆ, ನಮ್ಮಪ್ಪ ಕುರಿ ಮಾರವ್ನೆ, ನಮ್ಮವ್ವ ಊರ್ಗೆಲ್ಲ ಹೇಳವ್ಳೆ. ತಾವು ತಾವು ಅಂತ ನೀವು ಟೀ ಆರಿಸ್ಕಂಡು ಕುಂತ್ಕಳಿ, ನಾನು ತಾಳಿ ಕಟ್ಟಿಸ್ಕಳಕ್ಕೆ ಈ ಕೂಸಿನ ಜೊಲ್ಲು ಕಾಯ್ಬೇಕಾ?"

ನನ್ನ ಕಿರುಚಾಟಕ್ಕೆ ಪಾಪು ಬೆಚ್ಚಿದಳು. ತುಟಿ ಸೊಟ್ಟಗಾಯಿತು, ಆಮೇಲೆ ಸೂರು ಹಾರಿಹೋಗುವಂತೆ ಅಳು. ಅಳುತ್ತಲೇ ಅಂಬೆಗಾಲಿಕ್ಕಿ ಟೇಬಲ್ಲಿನ ಇನ್ನೊಂದು ಬದಿಗೆ, ನಾನು ನಿಂತ ಕಡೆಯಿಂದ ದೂರಕ್ಕೆ ಹೊರಟಳು. ರೇಣುಕಯ್ಯ ಕೈ ಚಾಚಿದವರು, ಬೀಗರ ಕೈಯೂ ಬಂದದ್ದು ನೋಡಿ ಹಿಂದಕ್ಕೆ ತೆಗೆದರು. "ತಾವು ಎತ್ಕಳಿ." "ಛೆ ಛೆ, ತಮ್ ಮನೆ ಕೂಸು, ತಾವು." ನಾಲ್ಕು ಕೈ ಮುಂದೆ ಬರುವುದು, ನಾಲ್ಕು ಕೈ ಹಿಂದೆ ಹೋಗುವುದು. ನಾನು ಟೇಬಲ್ ಸುತ್ತಿಕೊಂಡು ಓಡಿದೆ, ಕುರ್ಚಿ ಅಡ್ಡ ಸಿಕ್ಕಿ ಮಂಡಿ ಬಡಿಯಿತು. ಮಗುವಿನ ಒಂದು ಕೈ ಆಗಲೇ ಟೇಬಲ್ಲಿನಿಂದ ಆಚೆಗಿತ್ತು.

"ಲೇ ರೇಣುಕಾ!" ನಂದೀಶ್ವರಯ್ಯನವರ ಗಂಟಲಿಂದ ಅಂಥ ಕೂಗು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. "ಹಿಡ್ಕಳಲೇ ಮಗೀನ! ಏನ್ ಪಿಳಿಪಿಳಿ ನೋಡ್ತಾ ನಿಂತಿದೀಯ, ಮುಟ್ಠಾಳ!"

"ಹಿಡ್ಕಂಡೆ ಕಣ್ಲಾ ನಂದಿ, ಹಿಡ್ಕಂಡೆ!"

ರೇಣುಕಯ್ಯ ಮಗುವನ್ನು ಗಾಳಿಯಲ್ಲೇ ಹಿಡಿದು ಎದೆಗೊತ್ತಿಕೊಂಡರು. ಮಗು ಅಳು ನಿಲ್ಲಿಸಿತು. ನಂದೀಶ್ವರಯ್ಯ ತಾವು ಆಡಿದ ಮಾತು ನೆನಪಾಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು, ಅವರ ಬಣ್ಣವೇ ಇಳಿದುಹೋಗಿತ್ತು. ಬೀಗರನ್ನು ಮುಟ್ಠಾಳ ಎಂದಿದ್ದರು.

ರೇಣುಕಯ್ಯನವರ ಕಣ್ಣು ತುಂಬಿತ್ತು. ಆದರೆ ಅವರು ನಗುತ್ತಿದ್ದರು.

"ಎಷ್ಟ್ ವರ್ಷ ಆಗಿತ್ತಲೋ ನೀನ್ ನನ್ನ ಬೈದು," ಎಂದರು. "ಮಕ್ಳ ಮದ್ವೆ ಮಾಡ್ಬುಟ್ಟು ನಿನ್ನೇ ಕಳ್ಕಂಡ್ನಲ್ಲ ಅನ್ಸಿತ್ತು ಕಣ್ಲಾ."

ನಂದೀಶ್ವರಯ್ಯ ಎದ್ದು ಬಂದು ಕಿಟಕಿಯ ಡಬ್ಬಿ ತೆಗೆದು, ಇರುವೆ ಊದಿ, ಒಂದು ಮೈಸೂರುಪಾಕನ್ನು ಮುರಿದು ಅರ್ಧವನ್ನು ಗೆಳೆಯನ ಬಾಯಿಗೆ ತುರುಕಿದರು. ನನ್ನ ಕೈ ಮಾತ್ರ ಸುಮ್ಮನಿರಲಿಲ್ಲ. ಅವರಿಬ್ಬರೂ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಡೈರೆಕ್ಟರಿಯಿಂದ ಪಾಪುವನ್ನು ಇಳಿಸಿ, ರೇಣುಕಯ್ಯನವರ ಮೇಲೆ ನಂದೀಶ್ವರಯ್ಯ, ನಂದೀಶ್ವರಯ್ಯನವರ ಮೇಲೆ ಯಾರೂ ಇಲ್ಲ ಎಂದು ಮಾಡಿದೆ. ಆಗಬಹುದೇ ಸಾರ್ ಎಂದು ಕೇಳಿದೆ.

"ಅವ್ನೇ ಇರ್ಲಿ ಬುಡಮ್ಮ," ಎಂದರು ರೇಣುಕಯ್ಯ, ಬಾಯಿ ತುಂಬ ಮೈಸೂರುಪಾಕು ಇಟ್ಟುಕೊಂಡು. "ರೂಮಲ್ಲಿದ್ದಾಗ್ಲೂ ಅವ್ನೇ ದಬಾಯಿಸ್ತಿದ್ದ."

ಅರ್ಜಿ ಹಾಕಿದೆ. ಸರ್ವರ್ ಒಂದು ಮೆಟ್ಟಿಲು ಹತ್ತಿತು, ಎರಡು ಹತ್ತಿತು, ತುದಿ ಸಿಕ್ಕಿತು. ನಂದೀಶ್ವರಯ್ಯನವರ ಫೋನು ಟಿಣ್ ಎಂದಿತು. ನನ್ನ ಎದೆ ಹಗುರವಾಯಿತು. ಅವರು ಕನ್ನಡಕ ಹಾಕಿಕೊಂಡರು, ಕುರ್ಚಿಯಲ್ಲಿ ನೆಟ್ಟಗೆ ಕೂತರು, ಅರ್ಜಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಇಷ್ಟು ದಿನ ಇಲ್ಲದ ಒಂದು ಗತ್ತು ಅವರ ಹುಬ್ಬಿನಲ್ಲಿ ಮೂಡುವುದನ್ನು ನಾನು ಕಣ್ಣಾರೆ ನೋಡಿದೆ.

"ಹದಿನೈದು ದಿನ ಯಾಕಮ್ಮ?" ಎಂದರು. "ಹುಣಸೆಹಣ್ಣಿನ ಕಾಲ ಇದು. ಒಂದು ವಾರ ಸಾಕು."

"ಸಾರ್, ಮದುವೆ..."

"ನಂದು ಮದ್ವೆ ಆದಾಗ ಮೂರೇ ದಿನ ಕೊಟ್ಟಿದ್ರು. ಅಲ್ವೇನೋ ರೇಣುಕ?"

"ಹೂಂ ಕಣ್ಲಾ, ಮೂರೇಯ," ಎಂದರು ರೇಣುಕಯ್ಯ.

ಹೊರಗೆ ಬಂದು ಜಯರಾಮುಗೆ ಫೋನ್ ಮಾಡಿದೆ. ರಜೆ ಸಿಕ್ಕಿತು, ಆದರೆ ಒಂದೇ ವಾರ ಎಂದೆ. ಅವನಿಗೆ ಖುಷಿಯೋ ಖುಷಿ. ಆಮೇಲೆ, "ಅರ್ಧಕ್ಕೂ ಕಮ್ಮಿ ಮಾಡೋಷ್ಟು ಕಲ್ಲುಹೃದಯದ ಸಾಹೇಬ್ರು ಯಾರ್ರೀ ಅದು?" ಎಂದು ಕೇಳಿದ.

"ಹೊಸಬ್ರು," ಎಂದೆ. "ಈಗ ತಾನೇ ನಾನೇ ಕೂರಿಸಿ ಬಂದೆ."